ದನ ಮುಟ್ಟದ ಹೂ

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ.
ಇದೆ.
ನಮ್ಮೂರ ಮೇಲಿನ ಹುಲ್ಲುಗಾವಲಿಗೆ ಬನ್ನಿ, ಜೂನ್ ನಡುವಿಗೆ,
ಹತ್ತು ಗಂಟೆಗೆ ಮಂಜು ಏಳುತ್ತದೆ,
ಎದ್ದಾಗ ಗುಡ್ಡಕ್ಕೆ ಗುಡ್ಡವೇ ಕೆಂಡ ಕೆದರಿದ ಹಾಗೆ
ರೆಂಗೆ ತ್ಸುತ್ಸುಜಿ.
ಎದೆಮಟ್ಟದ ಪೊದೆ. ಎಲೆ ಇನ್ನೂ ಪೂರ್ತಿ ಬಿಚ್ಚಿರುವುದಿಲ್ಲ,
ಅಷ್ಟರಲ್ಲೇ ಹೂವಿಗೆ ಅವಸರ.

ದನಗಳು ಬುಡದವರೆಗೂ ಹುಲ್ಲು ಬೋಳಿಸುತ್ತವೆ.
ಪೊದೆಯನ್ನು ಮಾತ್ರ
ಮಾತುಬಿಟ್ಟ ನೆಂಟರ ಮನೆಯಂತೆ
ದಾಟಿಕೊಂಡು ಹೋಗುತ್ತವೆ.
ಎಲೆಯಲ್ಲಿ ವಿಷ, ಹೂವಿನಲ್ಲಿ ವಿಷ, ಜೇನಿನಲ್ಲೂ.

ಇದರ ಹೆಸರನ್ನು ಚಿತ್ರಲಿಪಿಯಲ್ಲಿ ಬರೆಯಲು
ನಮ್ಮ ಇವಾಬುಚಿ ಮೇಷ್ಟ್ರಿಗೂ ಬರುತ್ತಿರಲಿಲ್ಲ.
ಎರಡೇ ಅಕ್ಷರ, ನಲವತ್ತೆರಡು ಗೆರೆ;
ಎರಡಕ್ಕೂ ಎಡಗಡೆ ಒಂದೊಂದು ಕಾಲು.
ಅರ್ಥ: ತಡವರಿಸು, ಮುಂದಡಿ ಇಡಲಾರದೆ ನಿಲ್ಲು.
ಯಾವ ಕಾಲದ್ದೋ ಕುರಿ, ಚೀನಾದಲ್ಲಿ, ತಿಂದು ತೂರಾಡಿತಂತೆ.
ಅದರ ಕಾಲು ಇನ್ನೂ
ಅಕ್ಷರದೊಳಗೆ ಸಿಕ್ಕಿಕೊಂಡಿದೆ.

ನಾನು ಒಂಬತ್ತರವಳಿದ್ದಾಗ ಅಪ್ಪ
ತಗ್ಗಿನೂರಿನ ಸಂತೆಯಿಂದ ಒಂದು ಕಡಸು ತಂದ.
ಲಾರಿಯಿಂದ ಇಳಿದದ್ದೇ ತಡ
ಹಸಿದ ನಾಲಿಗೆ ಎದುರಿನ ಚಿಗುರಿಗೆ ಹೋಯಿತು.
ಅದಕ್ಕೆ ಯಾರೂ ಹೇಳಿರಲಿಲ್ಲ.
ಸಂಜೆಗೆ ಬಾಯಲ್ಲಿ ನೊರೆ. ಮುಂಗಾಲು ಮಡಚಿ ಬಿತ್ತು,
ಎದ್ದಿತು, ಮತ್ತೆ ಮಡಚಿತು.
ಅಪ್ಪ ಇದ್ದಿಲು ಕುಟ್ಟಿ ಕದಡಿದ ನೀರನ್ನು
ಸಾಕೆ ಬಾಟಲಿಯಿಂದ ಗಂಟಲಿಗೆ ಇಳಿಸಿ
ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು
ರಾತ್ರಿಯಿಡೀ ಕೂತ.
ನಾನು ಲಾಟೀನು ಹಿಡಿದೆ, ಹಿಡಿದಲ್ಲೇ ನಿದ್ದೆಹೋದೆ.
ಬೆಳಗ್ಗೆ ನೋಡಿದರೆ
ಅದು ಅಪ್ಪನ ಕಿವಿ ನೆಕ್ಕುತ್ತಿತ್ತು.

ಕಡಿದುಹಾಕು ಆ ಹಾಳು ಗಿಡಗಳನ್ನ, ಅಂದಳು ಅವ್ವ.
ನವೆಂಬರಿನಲ್ಲಿ, ಎಲೆಯೆಲ್ಲ ಉದುರಿದ ಮೇಲೆ,
ಮಚ್ಚು ಹಿಡಿದು ಹೋದ. ಕತ್ತಲಾದ ಮೇಲೆ ಬಂದ.
ಮಚ್ಚಿನ ಬಾಯಲ್ಲಿ ಒಂದು ಸಿಬಿರೂ ಇರಲಿಲ್ಲ.
"ಪ್ರತಿ ಕಡ್ಡಿಯ ತುದಿಗೂ ಮೊಗ್ಗು ಕೂತಿದೆ, ಶಿಗೆನೊ.
ಹಿಮ ಇನ್ನೂ ಬಿದ್ದೇ ಇಲ್ಲ."
ಅಷ್ಟೇ ಅಂದ.
ಅವ್ವ ಮೂಲಂಗಿ ಉಪ್ಪಿನಕಾಯಿ ಹೆಚ್ಚುವುದನ್ನು
ಒಂದು ಗಳಿಗೆ ನಿಲ್ಲಿಸಿ, ಮುಂದುವರಿಸಿದಳು.

ಆಮೇಲೆ ಹಾಲಿನ ದರ. ಆಮೇಲೆ ಅಪ್ಪನ ಸೊಂಟ.
ನಲವತ್ತಿದ್ದದ್ದು ಹದಿನೇಳು, ಐದು.
ಕಡೆಯ ಲಾರಿ ಇಳಿದುಹೋದ ದಿನ ಅಂದುಕೊಂಡೆ:
ಇನ್ನು ಹೂವಿನದ್ದೇ ರಾಜ್ಯ.

ಎಲ್ಲಿಯ ರಾಜ್ಯ!
ಮೊದಲು ಸಾಸಾ ಬಂತು, ಮೊಣಕಾಲೆತ್ತರದ ಬಿದಿರು,
ಹೆಜ್ಜೆಗೆ ಜಾಗ ಬಿಡದೆ.
ಅದರ ಹಿಂದೆಯೇ ಕರಮಾತ್ಸು ಸಸಿಗಳು, ನೋಡನೋಡುತ್ತ ಮರಗಳು.
ಹದಿನೈದು ವರ್ಷಕ್ಕೆ ಪೊದೆಗಳು
ನೆರಳಿನಲ್ಲಿ ಕತ್ತು ಉದ್ದ ಮಾಡಿ ನಿಂತವು,
ಅಲ್ಲೊಂದು ಇಲ್ಲೊಂದು ಹೂ,
ಯಾರೋ ಆರಿಸಲು ಮರೆತ ದೀಪ.
ತಿನ್ನದಿದ್ದ ಬಾಯಿಯೇ
ಇಷ್ಟು ದಿನ ಕಾದಿತ್ತು.

ಈಗ ಪುರಸಭೆ ಬೇಸಿಗೆಗೆ ಆರು ದನ ಬಾಡಿಗೆಗೆ ತರುತ್ತದೆ.
ಲೆಕ್ಕದ ಪುಸ್ತಕದಲ್ಲಿ 'ಹೂವಿನ ಖರ್ಚು' ಎಂದು
ಬರೆಯುವವಳು ನಾನೇ.
ಕ್ಯಾಮೆರಾ ನೇತುಹಾಕಿಕೊಂಡವರು ಕೇಳುತ್ತಾರೆ:
ದನ ಹೂ ತಿಂದುಬಿಡುವುದಿಲ್ಲವೇ?
ಅಪ್ಪ, ಎಂಬತ್ತಾರು, ಬೇಲಿಗೊರಗಿ ನಗುತ್ತಾನೆ.
ಹೇಳುವುದಿಲ್ಲ.

ಮೊನ್ನೆ ಬಂದದ್ದರಲ್ಲಿ ಒಂದು ಹೊಸ ಕಡಸು,
ಕಿವಿಯಲ್ಲಿ ಹಳದಿ ಬಿಲ್ಲೆ.
ಇವತ್ತು ಮಂಜಿನೊಳಗೆ, ಪೊದೆಯ ಮುಂದೆ
ನಿಂತುಬಿಟ್ಟಿತು.
ಅಪ್ಪನ ನಗು ನಿಂತಿತು. ಕೋಲಿನ ಮೇಲೆ ಕೈ ಬಿಗಿಯಿತು.
ನನ್ನ ಒಂದು ಕಾಲು ಬೇಲಿಯ ಈಚೆ, ಒಂದು ಆಚೆ.

ಮೂಸಿತು.
ನಾಲಿಗೆ ಹೊರಬಂತು, ನೀಲಿ, ಉದ್ದ,
ಕೊಂಬೆಯ ಕೆಳಗೆ ತೂರಿ
ಬುಡದ ಹುಲ್ಲನ್ನು ಸುತ್ತಿ
ಚರ್ರನೆ ಕಿತ್ತಿತು.

ಮೇಲೆ ಒಂದು ಹೂ
ಅಲುಗಿ
ನಿಂತಿತು.